ಗಿಟಾರಿನ ಬಣ್ಣ ಕೀಳುವ ಮೊದಲು ಅದರ ಹೊಟ್ಟೆಯೊಳಗೆ ಇಣುಕಿ ನೋಡಿ

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ. ಅಣ್ಣ ಕಾಲೇಜಿನಲ್ಲಿದ್ದಾಗ ಕೊಂಡಿದ್ದ ಕಪ್ಪು ಬಣ್ಣದ ಎಲೆಕ್ಟ್ರಿಕ್ ಗಿಟಾರ್ ಹದಿನೈದು ವರ್ಷದಿಂದ ಅಟ್ಟದ ಮೇಲಿತ್ತು. ಎರಡು ಕೊಂಬಿನ ಸ್ಟ್ರ್ಯಾಟೋಕಾಸ್ಟರ್ ಆಕಾರದ್ದು, ಹೆಸರಾಂತ ಕಂಪನಿಯದ್ದಲ್ಲ. ಅಂಚುಗಳಲ್ಲಿ ಬಣ್ಣ ಚಕ್ಕೆ ಎದ್ದಿದೆ, ಬೆನ್ನಿನಲ್ಲಿ ಬೆಲ್ಟಿನ ಬಕಲ್ ಗೀರಿದ ಗುರುತುಗಳಿವೆ, ಮುಂದೆ ಸ್ಟಿಕರಿನ ಕಲೆ ಇದೆ. ಬಣ್ಣವನ್ನೆಲ್ಲ ಉಜ್ಜಿ ತೆಗೆದು, ಮರದ ಗೆರೆಗಳು ಕಾಣುವಂತೆ ನಮ್ಮದೇ ತೋಟದ ಕಾಫಿ ಡಿಕಾಕ್ಷನ್ ಹಚ್ಚಿ ಕಂದು ಬಣ್ಣ ಬರಿಸಬೇಕೆಂಬ ಆಸೆ. 80 ನಂಬರಿನ ಉಪ್ಪುಕಾಗದ ಹಿಡಿದು ಮೂರು ಸಂಜೆ ಉಜ್ಜಿದೆ. ಕಪ್ಪು ಬೇಗ ಹೋಯಿತು, ಅದರಡಿಯಲ್ಲಿ ಗಾಜಿನಂಥ ಒಂದು ಪದರ ಸಿಕ್ಕಿತು, ಅದು ಜಪ್ಪಯ್ಯ ಎನ್ನುತ್ತಿಲ್ಲ. ಇಷ್ಟಕ್ಕೂ ಮರ ಕಂಡಿರುವುದು ಅಂಗೈಯಗಲ. ಗೆಳೆಯನೊಬ್ಬ ಪೇಂಟ್ ರಿಮೂವರ್ ಹಚ್ಚು ಎನ್ನುತ್ತಾನೆ. ನಮ್ಮ ಬಡಗಿ ತನ್ನ ಮೆಷಿನ್ ತರುತ್ತೇನೆ ಎನ್ನುತ್ತಾರೆ. ಅಪ್ಪ ಮಾತ್ರ ‘ಬೈಕಿಗೆ ಬಣ್ಣ ಹೊಡೆಯುವವನ ಕೈಗೆ ಕೊಟ್ಟು ಬಾ’ ಎಂದು ನಗುತ್ತಾರೆ. ಬಣ್ಣದ ಪದರ ತೆಗೆದರೆ ನಾದ ತೆರೆದುಕೊಳ್ಳುತ್ತದೆ ಎಂದು ಓದಿದ್ದೆ, ಅದು ನಿಜವೇ? ಮನೆಯಲ್ಲಿ ಎರಡು ವರ್ಷದ ಮಗಳಿದ್ದಾಳೆ. ಮಳೆ ಹಿಡಿಯುವ ಮೊದಲು ಕೆಲಸ ಮುಗಿಸಬೇಕೆಂದಿದ್ದೇನೆ. ಏನು ಮಾಡಲಿ?

ಉತ್ತರ: ಮೊದಲು ಆ ಉಪ್ಪುಕಾಗದವನ್ನು ಕೆಳಗಿಡಿ. ನಿಮ್ಮ ತೋಳಿನ ತಪ್ಪೇನೂ ಇಲ್ಲ. ಇಪ್ಪತ್ತು ವರ್ಷದಿಂದ ಹಾಸನದಲ್ಲಿ ಗಿಟಾರ್ ರಿಪೇರಿ ಮಾಡುತ್ತಿರುವ ನಾನು ಕೂಡ ಅಂಥ ಪದರವನ್ನು ಕೈಯಿಂದ ಉಜ್ಜಿ ತೆಗೆಯಲು ಒಪ್ಪುವುದಿಲ್ಲ. ಗಣಪತಿ ಹಬ್ಬದ ವಾದ್ಯಗೋಷ್ಠಿಯವರದು, ಚರ್ಚಿನ ಗಾಯನ ತಂಡದವರದು, ಮಗ ಬೆಂಗಳೂರಿಗೆ ಹೋದ ಮೇಲೆ ಮನೆಯಲ್ಲಿ ಉಳಿದದ್ದು, ಹೀಗೆ ಅರ್ಧ ಉಜ್ಜಿ ಕೈಬಿಟ್ಟ ಗಿಟಾರುಗಳು ಗೋಣಿಚೀಲದಲ್ಲಿ ನನ್ನಲ್ಲಿಗೆ ಬರುತ್ತಲೇ ಇರುತ್ತವೆ. ಎಲ್ಲವೂ ನಿಮ್ಮ ಹಾಗೆಯೇ ಅಂಗೈಯಗಲದಲ್ಲಿ ನಿಂತಿರುತ್ತವೆ.

ನಿಮಗೆ ಸಿಕ್ಕಿದ ಗಾಜಿನಂಥ ಪದರ ಬಹುತೇಕ ಪಾಲಿಯೆಸ್ಟರ್. ಬಣ್ಣಗಳು ಒಣಗುವುದರಲ್ಲಿ ಎರಡು ಜಾತಿ. ಒಂದರಲ್ಲಿ ಥಿನ್ನರ್ ಆರಿಹೋಗಿ ಗಟ್ಟಿ ಭಾಗ ಉಳಿಯುತ್ತದೆ. ಹಳೆಯ ಗಿಟಾರುಗಳ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಈ ಜಾತಿಯದ್ದು, ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ಎನ್‌ಸಿ ಎಂದು ಸಿಗುವುದೂ ಅದರ ಬಳಗವೇ. ಇನ್ನೊಂದು ಜಾತಿ ಆರುವುದಿಲ್ಲ, ಬೇಯುತ್ತದೆ. ಹಾರ್ಡನರ್ ಬೆರೆಸಿದ ಮೇಲೆ ಒಳಗೊಳಗೇ ಹೆಣೆದುಕೊಂಡು ಒಂದೇ ಗಟ್ಟಿಯಾಗುತ್ತದೆ. ಬೆಲ್ಲದ ಅಚ್ಚನ್ನು ನೀರಿಗೆ ಹಾಕಿದರೆ ಕರಗುತ್ತದೆ. ಬೆಂದ ಇಡ್ಲಿಯನ್ನು ನೀರಿಗೆ ಹಾಕಿದರೆ ಮತ್ತೆ ಹಿಟ್ಟಾಗುವುದಿಲ್ಲ. ಪಾಲಿಯೆಸ್ಟರ್ ಬೆಂದ ಇಡ್ಲಿ. ಆದ್ದರಿಂದಲೇ ನಿಮ್ಮ ಗೆಳೆಯ ಹೇಳಿದ ರಿಮೂವರ್ ಇದರ ಮುಂದೆ ಹೆಚ್ಚುಕಡಿಮೆ ವ್ಯರ್ಥ. ಮೇಲಿನ ಬಣ್ಣ ಸುಕ್ಕುಗಟ್ಟಬಹುದು, ಅಡಿಪದರ ಕದಲುವುದಿಲ್ಲ. ಅನುಮಾನವಿದ್ದರೆ ಹಿಂಭಾಗದ ಪ್ಲಾಸ್ಟಿಕ್ ಮುಚ್ಚಳದಡಿಯ ಅಂಚಿಗೆ ಹತ್ತಿಯಿಂದ ಒಂದು ಹನಿ ಥಿನ್ನರ್ ಹಚ್ಚಿ ನೋಡಿ. ಅರ್ಧ ನಿಮಿಷದಲ್ಲಿ ಅಂಟಂಟಾದರೆ ಲ್ಯಾಕರ್. ಏನೂ ಆಗದಿದ್ದರೆ ಇಡ್ಲಿ.

ರಿಮೂವರ್ ಬಗ್ಗೆ ಇನ್ನೊಂದು ಮಾತು. ಅದರಲ್ಲಿ ಚುರುಕಾದ ಬಗೆಗಳಲ್ಲಿ ಮಿಥಿಲೀನ್ ಕ್ಲೋರೈಡ್ ಇರುತ್ತದೆ. ಅದರ ಆವಿ ಮೈಯೊಳಗೆ ಹೋಗಿ ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಅದನ್ನು ಬಳಸಿ ಪ್ರಾಣ ಕಳೆದುಕೊಂಡವರಿದ್ದಾರೆ. ಕೆಲಸಕ್ಕೂ ಬಾರದ, ಅಪಾಯವೂ ಇರುವ ವಸ್ತು ಮಗುವಿರುವ ಮನೆಗೆ ಬೇಡವೇ ಬೇಡ.

ಈಗ ಸ್ಕ್ರೂಡ್ರೈವರ್ ಹಿಡಿದು ಹಿಂದಿನ ಮುಚ್ಚಳ, ಮುಂದಿನ ಬಿಳಿ ಪ್ಲಾಸ್ಟಿಕ್ ಫಲಕ ಎರಡನ್ನೂ ಬಿಚ್ಚಿ. ಕುತ್ತಿಗೆಯ ನಾಲ್ಕು ಸ್ಕ್ರೂ ಬಿಚ್ಚಿ ಅದನ್ನೂ ಬೇರ್ಪಡಿಸಿ. ತಂತಿಗಳನ್ನು ಮೊದಲೇ ಸಡಿಲಿಸಿರಬೇಕು. ಒಳಗೆ ಕೊರೆದ ಗುಳಿಗಳಲ್ಲಿ ಬಣ್ಣ ತೆಳ್ಳಗಿರುತ್ತದೆ, ಕೆಲವೆಡೆ ಇರುವುದೇ ಇಲ್ಲ. ಅಲ್ಲಿ ಟಾರ್ಚ್ ಬಿಟ್ಟು ನೋಡಿ. ಗುಳಿಯ ಗೋಡೆಯಲ್ಲಿ ಒಂದರ ಮೇಲೊಂದು ಪಟ್ಟೆ ಕಂಡರೆ ನಿಮ್ಮದು ಪ್ಲೈವುಡ್. ಪಟ್ಟೆಯಿಲ್ಲದೆ, ಗೆರೆಗಳು ಇದ್ದಕ್ಕಿದ್ದಂತೆ ದಿಕ್ಕು ಬದಲಿಸಿದರೆ ಅಲ್ಲಿ ಎರಡು ತುಂಡುಗಳ ಬೆಸುಗೆಯಿದೆ. ಎಷ್ಟು ತುಂಡು ಎಂದು ಎಣಿಸಿ.

ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆಂದರೆ, ಕಪ್ಪು ಬಣ್ಣ ಹೊಡೆಯುವ ಕಾರ್ಖಾನೆ ಅದರಡಿಯ ಮರದ ಅಂದ ಯಾಕೆ ನೋಡೀತು? ಚೆನ್ನಾಗಿ ಗೆರೆ ಹೊಂದಿದ ಹಲಗೆಗಳು ಪಾರದರ್ಶಕ ಬಣ್ಣದ ಗಿಟಾರಿಗೆ ಹೋಗುತ್ತವೆ, ಉಳಿದವು ಕಪ್ಪು ಬಿಳುಪಿನವಕ್ಕೆ. ಬೇಲೂರಿನ ಕಡೆಯ ಹುಡುಗನೊಬ್ಬ ಇಡೀ ಬೇಸಗೆ ರಜೆ ತಿಕ್ಕಿ, ಕೊನೆಗೆ ಬೋಳಾದ ಗಿಟಾರನ್ನು ನನ್ನ ಮೇಜಿನ ಮೇಲಿಟ್ಟಿದ್ದ. ಐದು ತುಂಡು ಮರ. ಎರಡು ಬೆಳ್ಳಗೆ, ಒಂದು ಹಸಿರು ಛಾಯೆ, ಒಂದರಲ್ಲಿ ಗಂಟು. ಗಂಟಿದ್ದಲ್ಲಿ ನಾಲ್ಕಾಣೆ ಅಗಲದ ಬೂದು ಪುಟ್ಟಿ. ಅವನು ಆ ಪುಟ್ಟಿಯ ಮೇಲೆ ಹೆಬ್ಬೆರಳು ಆಡಿಸುತ್ತಾ ಬಹಳ ಹೊತ್ತು ಸುಮ್ಮನೆ ನಿಂತಿದ್ದ. ಆಮೇಲೆ ‘ಮತ್ತೆ ಕಪ್ಪೇ ಹೊಡೆಯಿರಿ ಸರ್’ ಎಂದ.

ನಿಮ್ಮದು ಹಾಗೆಯೇ ಇರುತ್ತದೆ ಎಂದಲ್ಲ. ಆದರೆ ಹತ್ತು ನಿಮಿಷದಲ್ಲಿ ತಿಳಿಯುವುದನ್ನು ಹತ್ತು ವಾರ ಉಜ್ಜಿ ತಿಳಿಯಬೇಕೇ? ಕಡಿಮೆ ಬೆಲೆಯ ಗಿಟಾರುಗಳಲ್ಲಿ ಹೆಚ್ಚಾಗಿ ಬಾಸ್‌ವುಡ್, ಪಾಪ್ಲರ್, ಅಗಾಥಿಸ್ ಇರುತ್ತವೆ. ಮೂರೂ ಮೆದು, ಸಪ್ಪೆ ಗೆರೆಯ ಮರಗಳು. ನೀವು ಬೀಟೆ, ತೇಗ, ಹಲಸು ನೋಡಿ ಬೆಳೆದವರು. ಬಾಸ್‌ವುಡ್ ಕಂಡರೆ ಪ್ಯಾಕಿಂಗ್ ಪೆಟ್ಟಿಗೆಯ ನೆನಪಾಗಬಹುದು.

ನಾದದ ವಿಷಯಕ್ಕೆ ಬರೋಣ. ಬಣ್ಣ ತೆಗೆದರೆ ಮರ ‘ಉಸಿರಾಡುತ್ತದೆ’, ನಾದ ತೆರೆದುಕೊಳ್ಳುತ್ತದೆ ಎಂಬ ಮಾತು ಹುಟ್ಟಿದ್ದು ಬೇರೆ ವಾದ್ಯಗಳಿಂದ. ಅಕೂಸ್ಟಿಕ್ ಗಿಟಾರಿನಲ್ಲಿ ಎರಡೂವರೆ, ಮೂರು ಮಿಲಿಮೀಟರ್ ದಪ್ಪದ ಮೇಲ್ಹಲಗೆಯೇ ಕಂಪಿಸಿ ಗಾಳಿಯನ್ನು ದೂಡುತ್ತದೆ. ಅದರ ಮೇಲೆ ದಪ್ಪ ಲೇಪ ಕೂತರೆ ಕಂಪನ ಕುಗ್ಗುವುದು ನಿಜ. ನಿಮ್ಮ ಗಿಟಾರಿನ ಒಡಲು ನಾಲ್ಕೂವರೆ ಸೆಂಟಿಮೀಟರ್ ದಪ್ಪದ ದಿಮ್ಮಿ. ಅಲ್ಲಿ ಸದ್ದನ್ನು ಹಿಡಿಯುವುದು ಪಿಕಪ್: ಅಯಸ್ಕಾಂತದ ಸುತ್ತ ಕೂದಲಿಗಿಂತ ತೆಳ್ಳಗಿನ ತಾಮ್ರದ ತಂತಿ ಏಳೆಂಟು ಸಾವಿರ ಸುತ್ತು. ಅದರ ಮೇಲೆ ಉಕ್ಕಿನ ತಂತಿ ಅಲುಗಿದಾಗ ವಿದ್ಯುತ್ ಹುಟ್ಟುತ್ತದೆ, ಆಂಪ್ಲಿಫೈಯರ್ ಅದನ್ನು ಹಿಗ್ಗಿಸುತ್ತದೆ. ಮರ ಯಾವುದಾದರೇನು ಎಂದು ವಾದ ಮಾಡುವವರ ಜಗಳಕ್ಕೆ ನಾನು ಹೋಗುವುದಿಲ್ಲ. ಆದರೆ ಮರದ ಮೇಲಿನ ಅರ್ಧ ಮಿಲಿಮೀಟರ್ ಬಣ್ಣದಿಂದ ಆದ ವ್ಯತ್ಯಾಸವನ್ನು ಕಣ್ಣು ಮುಚ್ಚಿ ಗುರುತಿಸಿದ ಒಬ್ಬನನ್ನೂ ನನ್ನ ಅಂಗಡಿಯಲ್ಲಿ ಕಂಡಿಲ್ಲ. ಪದರವನ್ನೆಲ್ಲ ತೆಗೆದರೆ ತೂಕ ನೂರು, ನೂರೈವತ್ತು ಗ್ರಾಂ ಇಳಿದೀತು, ಅಷ್ಟೆ. ನಾದ ಬದಲಾಗಬೇಕೆಂದರೆ ಹೊಸ ತಂತಿ ಹಾಕಿ, ಪಿಕಪ್‌ನ ಎತ್ತರ ಸರಿಪಡಿಸಿ, ಹದಿನೈದು ವರ್ಷ ಅಟ್ಟದಲ್ಲಿದ್ದು ಕರಕರ ಎನ್ನುವ ವಾಲ್ಯೂಮ್ ಗುಂಡಿಗಳಿಗೆ ಕಾಂಟ್ಯಾಕ್ಟ್ ಕ್ಲೀನರ್ ಬಿಡಿ. ಒಂದು ಮಧ್ಯಾಹ್ನದ ಕೆಲಸ, ಮನೆಯವರೆಲ್ಲರಿಗೂ ವ್ಯತ್ಯಾಸ ಕೇಳಿಸುತ್ತದೆ.

ಈಗ ನಿಮ್ಮ ಮುಂದಿರುವ ದಾರಿಗಳು.

ಮರವೇ ಕಾಣಬೇಕು ಎಂಬ ಹಟವಿದ್ದರೆ ದಾರಿ ಹೀಟ್ ಗನ್. ಬಿಸಿಗೆ ಪಾಲಿಯೆಸ್ಟರ್ ಮೆತ್ತಗಾಗಿ ಮರದಿಂದ ಬಿಡುತ್ತದೆ. ಆಗ ಪುಟ್ಟಿ ಎಳೆಯುವ ಪಟ್ಟಿಯನ್ನು ಅಡಿಗೆ ತೂರಿಸಿದರೆ ಹಲಸಿನ ಹಪ್ಪಳದ ಹಾಗೆ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಪಟ್ಟಿಯ ಮೂಲೆಗಳನ್ನು ಮೊದಲೇ ಅರದಿಂದ ಗುಂಡಗೆ ಮಾಡಿಕೊಳ್ಳಿ, ಇಲ್ಲದಿದ್ದರೆ ಅದು ಮೆದು ಮರವನ್ನು ಉಳಿಯಂತೆ ಕೊರೆಯುತ್ತದೆ. ಗನ್ನನ್ನು ಒಂದೆಡೆ ನಿಲ್ಲಿಸಬಾರದು. ನಿಲ್ಲಿಸಿದ ಕಡೆ ಮರ ಕರಿಕಾಗುತ್ತದೆ, ಆ ಕಲೆ ಡಿಕಾಕ್ಷನ್‌ನಡಿಯಲ್ಲಿ ಅಡಗುವುದಿಲ್ಲ. ತುಂಡುಗಳ ಬೆಸುಗೆಯ ಅಂಟು ಸಡಿಲವಾಗಬಹುದು. ಪ್ಲೈವುಡ್ ಆಗಿದ್ದರೆ ಪದರಗಳೇ ಬಿಟ್ಟುಕೊಳ್ಳುತ್ತವೆ, ಆದ್ದರಿಂದ ಪ್ಲೈವುಡ್‌ಗೆ ಈ ದಾರಿ ಬೇಡ. ಹೊಗೆ ಗಂಟಲು ಹಿಡಿಯುತ್ತದೆ. ಈ ಕೆಲಸ ಮನೆಯೊಳಗಲ್ಲ, ಕಣದಲ್ಲಿ, ಮಗಳು ಅಜ್ಜಿಯ ಮನೆಗೆ ಹೋದ ದಿನ. ಅಂಚಿನಲ್ಲಿ ಪ್ಲಾಸ್ಟಿಕ್ ಬೈಂಡಿಂಗ್ ಇದ್ದರೆ ಅದರ ಹತ್ತಿರ ಗನ್ ತರಬೇಡಿ. ಹಳೆಯ ಸೆಲ್ಯುಲಾಯ್ಡ್ ಆಗಿದ್ದರೆ ಹೊತ್ತಿಕೊಳ್ಳುತ್ತದೆ.

ಬಡಗಿಯವರ ಮೆಷಿನ್? ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾರೆ. ಆದರೆ ಬಾಗಿಲು, ಮಂಚಕ್ಕೆ ಆಡಿದ ಕೈ ಅದು. ಬೆಲ್ಟ್ ಸ್ಯಾಂಡರ್ ಬಾಸ್‌ವುಡ್‌ಗೆ ತಾಗಿದರೆ ಎರಡು ಸೆಕೆಂಡಿನಲ್ಲಿ ತಗ್ಗು. ಗಿಟಾರಿನ ದುಂಡಂಚು, ಹೊಟ್ಟೆಗೆ ಒರಗುವ ಬಾಗು ಇವೆಲ್ಲ ಹೋಗಿ ಅಡ್ಡೆಮಣೆಯಂತಾಗುತ್ತದೆ. ಮುಖ್ಯವಾಗಿ ಕುತ್ತಿಗೆ ಕೂರುವ ಗುಳಿ. ಅದರ ತಳಕ್ಕಾಗಲಿ ಗೋಡೆಗಾಗಲಿ ಉಪ್ಪುಕಾಗದ ತಾಗಿಸಬೇಡಿ, ಬಣ್ಣವನ್ನೂ ಹೊಡೆಯಬೇಡಿ. ಅರ್ಧ ಮಿಲಿಮೀಟರ್ ಹೆಚ್ಚು ಕಡಿಮೆಯಾದರೆ ತಂತಿಗಳ ಎತ್ತರ, ಕೋನ ಎಲ್ಲವೂ ಕೆಡುತ್ತದೆ. ಕಲಿಯುತ್ತಿದ್ದಾಗ ನಾನೇ ಒಂದರ ತಳವನ್ನು ‘ಚೊಕ್ಕಟ’ ಮಾಡಲು ಹೋಗಿ, ಆಮೇಲೆ ತೆಳು ಮರದ ಪಟ್ಟಿ ಅಂಟಿಸಿ ಮಾನ ಉಳಿಸಿಕೊಂಡಿದ್ದೇನೆ.

ಡಿಕಾಕ್ಷನ್ ವಿಚಾರ. ನಗುವ ಮಾತಲ್ಲ, ಕಾಫಿ ಮರಕ್ಕೆ ಬಣ್ಣ ಕೊಡುತ್ತದೆ. ಆದರೆ ತೆಳ್ಳಗೆ. ಮೂರು ನಾಲ್ಕು ಸಲ ಹಚ್ಚಿದರೂ ಹಾಲು ಹೆಚ್ಚಾದ ಕಾಫಿಯ ಬಣ್ಣ, ಬಿಸಿಲಿಗೆ ಮಾಸುತ್ತದೆ. ಗಾಢವಾಗಬೇಕಿದ್ದರೆ ಕಬ್ಬಿಣ ಸೇರಬೇಕು. ಅಳಲೆಕಾಯಿಗೆ ಅನ್ನಭೇದಿ ಬೆರೆಸಿ ಮಸಿ ಮಾಡುತ್ತಿದ್ದರಲ್ಲ, ಅದೇ ಸೂತ್ರ: ಒಗರಿನ ಅಂಶವೂ ಕಬ್ಬಿಣವೂ ಸೇರಿದರೆ ಕಪ್ಪು. ಗಟ್ಟಿ ಡಿಕಾಕ್ಷನ್ ಹಚ್ಚಿ ಒಣಗಿಸಿ, ಅದರ ಮೇಲೆ ವಿನೆಗರಿನಲ್ಲಿ ನಾಲ್ಕು ದಿನ ಮೊಳೆ ನೆನೆಹಾಕಿದ ನೀರನ್ನು ಸವರಿದರೆ ಕಣ್ಣೆದುರೇ ಬೂದುಗಪ್ಪಿಗೆ ತಿರುಗುತ್ತದೆ. ಸಿಲ್ವರ್ ಓಕ್ ತುಂಡೊಂದರ ಮೇಲೆ ಮಾಡಿ ನೋಡಿ, ಚೆನ್ನಾಗಿರುತ್ತದೆ. ತೊಂದರೆ ಇರುವುದು ನಿಮ್ಮ ಗಿಟಾರಿನಲ್ಲಿ. ಮರದ ರಂಧ್ರ ಮುಚ್ಚಲು ಕಾರ್ಖಾನೆಯಲ್ಲಿ ಹಚ್ಚಿದ ಸೀಲರ್ ಮರದ ಒಳಕ್ಕೆ ಇಳಿದಿರುತ್ತದೆ. ಅದು ಉಳಿದ ಕಡೆ ಬಣ್ಣ ಹೀರುವುದಿಲ್ಲ, ಹೋದ ಕಡೆ ಹೀರುತ್ತದೆ. ಫಲಿತಾಂಶ, ತೊನ್ನು ಹಿಡಿದಂಥ ಮಚ್ಚೆ ಮಚ್ಚೆ. ಕಂದು ಬಣ್ಣ ಬೇಕೇ ಬೇಕೆಂದರೆ ಮರಕ್ಕೆ ಹಚ್ಚುವ ಬದಲು ಪಾರದರ್ಶಕ ಲ್ಯಾಕರಿಗೇ ಕಂದು ಬೆರೆಸಿ ಸ್ಪ್ರೇ ಮಾಡಿಸುವುದು ಕ್ಷೇಮ.

ಇನ್ನು ಕೆಲವರು ಎಣ್ಣೆ ಹಚ್ಚಿ ಮುಗಿಸುತ್ತಾರೆ. ಅಗಸೆ ಎಣ್ಣೆ, ಟಂಗ್ ಎಣ್ಣೆ ಸುಲಭ ಮತ್ತು ಅಂದ. ಒಂದೇ ಎಚ್ಚರಿಕೆ: ಎಣ್ಣೆ ಒರಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಆ ಬಿಸಿ ಹೊರಗೆ ಹೋಗಲಾರದೆ ಬಟ್ಟೆ ತಾನಾಗಿ ಹೊತ್ತಿಕೊಳ್ಳುತ್ತದೆ. ತಂತಿಯ ಮೇಲೆ ಹರಡಿ ಒಣಗಿಸಿ, ಅಥವಾ ನೀರಿನಲ್ಲಿ ಮುಳುಗಿಸಿಡಿ. ಗೋಣಿಚೀಲಗಳು ತುಂಬಿದ ಗೋಡೌನಿನ ಪಕ್ಕದಲ್ಲಿ ಕೆಲಸ ಮಾಡುವವರಿಗೆ ಇದನ್ನು ಎರಡು ಸಲ ಹೇಳುತ್ತೇನೆ.

ಹಾಗಾದರೆ ನಿಮ್ಮ ಜಾಗದಲ್ಲಿ ನಾನಿದ್ದರೆ ಏನು ಮಾಡುತ್ತಿದ್ದೆ? ನಿಮ್ಮ ತಂದೆಯವರ ಮಾತು ಕೇಳುತ್ತಿದ್ದೆ.

ಅವರು ನಕ್ಕು ಹೇಳಿದ್ದರಲ್ಲಿ ದೊಡ್ಡ ಚರಿತ್ರೆಯಿದೆ. ಸ್ಟ್ರ್ಯಾಟೋಕಾಸ್ಟರ್ ತಯಾರಿಸಿದ ಅಮೆರಿಕದ ಫೆಂಡರ್ ಕಂಪನಿಯ 1950 ಮತ್ತು 60ರ ದಶಕದ ಗಿಟಾರುಗಳ ಹಲವು ಹೆಸರಾಂತ ಬಣ್ಣಗಳು ಗಿಟಾರಿಗಾಗಿ ಹುಟ್ಟಿದವಲ್ಲ. ಡ್ಯೂಪಾಂಟ್ ಕಂಪನಿಯ ಕಾರಿನ ಬಣ್ಣಗಳವು. ಇಂದು ಸಂಗ್ರಾಹಕರು ಕಣ್ಣರಳಿಸುವ ಫಿಯೆಸ್ಟಾ ರೆಡ್ ಆಗ ಫೋರ್ಡ್ ಥಂಡರ್‌ಬರ್ಡ್ ಕಾರಿನ ಮೇಲಿತ್ತು. ಕಾರಿನ ಬಣ್ಣ ಎಲ್ಲಿ ಬೇಕಾದರೂ ಸಿಗುತ್ತಿತ್ತು, ಬೇಗ ಒಣಗುತ್ತಿತ್ತು, ಅದಕ್ಕೇ ಬಳಸಿದರು. ನಮ್ಮ ಪೇಂಟಿಂಗ್ ಗ್ಯಾರೇಜುಗಳಲ್ಲಿ ಇಂದಿಗೂ ‘ಡ್ಯೂಕೋ ಪೇಂಟ್’ ಎನ್ನುತ್ತಾರಲ್ಲ, ಆ ಡ್ಯೂಕೋ ಕೂಡ 1920ರ ದಶಕದಲ್ಲಿ ಡ್ಯೂಪಾಂಟ್ ಕಾರುಗಳಿಗೆ ತಂದ ನೈಟ್ರೋಸೆಲ್ಯುಲೋಸ್ ಲ್ಯಾಕರಿನ ಹೆಸರು. ಆಮೇಲೆ 60ರ ದಶಕದ ಕೊನೆಗೆ ಫೆಂಡರ್ ದಪ್ಪ ಪಾಲಿಯೆಸ್ಟರಿಗೆ ಹೊರಳಿತು, ನಿಮ್ಮ ಮೂರು ಸಂಜೆ ನುಂಗಿದ್ದು ಅದರ ವಂಶಜ.

ಆ ಪದರವನ್ನು ನೀವು ಶತ್ರು ಎಂದುಕೊಂಡಿದ್ದೀರಿ. ನನ್ನ ಕಣ್ಣಿಗೆ ಅದು ಪುಕ್ಕಟೆಯಾಗಿ ಸಿಕ್ಕ ಪ್ರೈಮರ್. ಮರದ ರಂಧ್ರಗಳನ್ನೆಲ್ಲ ತುಂಬಿ, ಸಪಾಟಾಗಿ, ಹದಿನೈದು ವರ್ಷ ಮಲೆನಾಡಿನ ಅಟ್ಟದಲ್ಲಿದ್ದೂ ಬಿರುಕು ಬಿಡದ ಅಡಿಪಾಯ. ಬರೀ ಮರದ ಮೇಲೆ ಅಷ್ಟು ಗಟ್ಟಿ ತಳ ಕಟ್ಟಲು ನನಗೆ ಎರಡು ವಾರ ಬೇಕು. ಅದನ್ನು ಕಿತ್ತು ಎಸೆಯುವುದೇಕೆ? ಹೊಳಪು ಮುರಿದು, ಅದರ ಮೇಲೇ ಬಣ್ಣ ಹೊಡೆಯಿರಿ.

ಮೊದಲು ಭಾಗಗಳನ್ನೆಲ್ಲ ಬಿಚ್ಚಬೇಕು. ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಒಂದು ರಟ್ಟಿನ ಮೇಲೆ ಗಿಟಾರಿನ ಚಿತ್ರ ಬರೆದು, ಸ್ಕ್ರೂಗಳನ್ನು ಅವು ಬಂದ ಜಾಗದಲ್ಲೇ ಚುಚ್ಚಿಡಿ. ಒಂದು ಸಣ್ಣ ವಿದ್ಯುತ್ ತಂತಿ ಗುಳಿಯೊಳಗಿಂದ ಸೇತುವೆಯ (ಒಡಲಿನ ಮೇಲೆ ನುಡಿಸುವ ತಂತಿಗಳು ಕೂರುವ ಬ್ರಿಡ್ಜ್) ಕಡೆಗೆ, ಅಥವಾ ಹಿಂದಿನ ಸ್ಪ್ರಿಂಗುಗಳನ್ನು ಹಿಡಿದಿರುವ ಕೊಕ್ಕೆಗೆ ಹೋಗಿರುತ್ತದೆ. ಅದು ಅರ್ಥಿಂಗ್ ತಂತಿ. ಬೆಸುಗೆ ಬಿಡಿಸಿ, ಗುರುತು ಹಾಕಿಡಿ. ಜೋಡಿಸುವಾಗ ಅದನ್ನು ಮರೆತ ಗಿಟಾರುಗಳು ಗುಂಯ್ ಎನ್ನುತ್ತಾ ನನ್ನಲ್ಲಿಗೆ ಬರುತ್ತವೆ. ತುಕ್ಕು ಹಿಡಿದ ಸ್ಕ್ರೂ ತಿರುಗದಿದ್ದರೆ ಅದರ ತಲೆಗೆ ಬಿಸಿ ಸೋಲ್ಡರಿಂಗ್ ಐರನ್ ಅರ್ಧ ನಿಮಿಷ ಒತ್ತಿಹಿಡಿದು ನೋಡಿ, ಸಡಿಲವಾಗುತ್ತದೆ.

ನಂತರ ಮಿನರಲ್ ಟರ್ಪೆಂಟೈನ್ ಹಾಕಿದ ಬಟ್ಟೆಯಿಂದ ಇಡೀ ಒಡಲನ್ನು ಒರೆಸಿ. ಇದನ್ನು ಉಜ್ಜುವ ಮೊದಲೇ ಮಾಡಬೇಕು. ಹಿಂದೆ ಯಾರಾದರೂ ಕಾರಿನ ಡ್ಯಾಶ್‌ಬೋರ್ಡ್ ಪಾಲಿಶ್ ಹಚ್ಚಿದ್ದರೆ ಅದರ ಸಿಲಿಕೋನನ್ನು ಉಪ್ಪುಕಾಗದ ಎಲ್ಲೆಡೆ ಹರಡುತ್ತದೆ, ಆಮೇಲೆ ಹೊಡೆದ ಬಣ್ಣ ಎಣ್ಣೆ ತಟ್ಟೆಯ ಮೇಲಿನ ನೀರಿನಂತೆ ಕುಳಿ ಕುಳಿಯಾಗಿ ಹಿಂಜರಿಯುತ್ತದೆ.

ನೀವು ಮರ ಕಾಣಿಸಿದ ಅಂಗೈಯಗಲದ ಜಾಗವೇ ಈಗ ನಾಜೂಕಿನದು. ಅಲ್ಲಿ ಮರ ತಗ್ಗು, ಸುತ್ತ ಪದರ ಎತ್ತರ. ಅಂಚನ್ನು 120 ನಂಬರಿನ ಉಪ್ಪುಕಾಗದದಿಂದ ಶುರುಮಾಡಿ 220, 320ರವರೆಗೆ ಇಳಿಜಾರಾಗುವಂತೆ ಉಜ್ಜಿ. ಬರೀ ಬೆರಳಿನಿಂದ ಉಜ್ಜಿದರೆ ಬೆರಳಿನ ಅಗಲದ ಕಾಲುವೆಗಳಾಗುತ್ತವೆ, ಮರದ ತುಂಡಿಗೆ ಕಾಗದ ಸುತ್ತಿಕೊಳ್ಳಿ. ಬರಿಮರಕ್ಕೆ ಸೀಲರ್ ಹಚ್ಚಿ, ಒಣಗಿದ ಮೇಲೆ ತಗ್ಗನ್ನೂ ಚಕ್ಕೆ ಎದ್ದ ಕಡೆಗಳನ್ನೂ ಕಾರಿಗೆ ಹಾಕುವ ಪಾಲಿಯೆಸ್ಟರ್ ಪುಟ್ಟಿಯಿಂದ ತುಂಬಿ. ಅದೂ ಇಡ್ಲಿಯ ಜಾತಿಯೇ, ಹಳೆಯ ಪದರಕ್ಕೆ ಚೆನ್ನಾಗಿ ಕಚ್ಚಿಕೊಳ್ಳುತ್ತದೆ. ಉಜ್ಜಿದ ಮೇಲೆ ಕಣ್ಣು ಮುಚ್ಚಿ ಬೆರಳ ತುದಿ ಆಡಿಸಿ. ಕಣ್ಣಿಗೆ ಕಾಣದ ಮೆಟ್ಟಿಲು ಬೆರಳಿಗೆ ತಿಳಿಯುತ್ತದೆ. ಬೆರಳಿಗೆ ತಿಳಿದದ್ದು ಹೊಳಪು ಬಂದ ಮೇಲೆ ಎಲ್ಲರ ಕಣ್ಣಿಗೂ ಕಾಣುತ್ತದೆ.

ಉಳಿದ ಭಾಗವನ್ನೆಲ್ಲ 320, ಆಮೇಲೆ 400ರಿಂದ ಹೊಳಪು ಪೂರ್ತಿ ಹೋಗುವಂತೆ ಮಂಕು ಮಾಡಿದರೆ ಸಾಕು. ಕೊಂಬುಗಳ ಒಳಬಾಗಿನಲ್ಲಿ ಹೊಳಪು ಉಳಿದುಬಿಡುತ್ತದೆ, ಹೊಸ ಬಣ್ಣ ಮೊದಲು ಸಿಪ್ಪೆ ಏಳುವುದು ಅಲ್ಲಿಂದಲೇ. ಪ್ರೈಮರ್ ಹೊಡೆದ ಮೇಲೆ ಗ್ಯಾರೇಜಿನವರ ಒಂದು ಉಪಾಯವಿದೆ: ದೂರದಿಂದ ಕಪ್ಪು ಬಣ್ಣವನ್ನು ಮಂಜು ಹನಿಸಿದ ಹಾಗೆ ಚಿಮುಕಿಸಿ, ಒಣಗಿದ ಮೇಲೆ 400ರಲ್ಲಿ ಉಜ್ಜುತ್ತಾರೆ. ಎತ್ತರದಲ್ಲಿ ಕಪ್ಪು ಹೋಗುತ್ತದೆ, ತಗ್ಗಿನಲ್ಲಿ ಚುಕ್ಕೆ ಉಳಿಯುತ್ತದೆ. ನಿಮ್ಮ ಕೆಲಸದ ತಪ್ಪುಗಳ ನಕ್ಷೆ ಕೈಗೆ ಸಿಕ್ಕಿತಲ್ಲ! ಚುಕ್ಕೆಯಿದ್ದಲ್ಲಿ ಮತ್ತೆ ಪುಟ್ಟಿ.

ಇಷ್ಟನ್ನು ಮನೆಯಲ್ಲಿ ನೀವೇ ಮಾಡಿ, ಬಣ್ಣ ಮತ್ತು ಅದರ ಮೇಲಿನ ಪಾರದರ್ಶಕ ಲೇಪ, ಅಂದರೆ ಕ್ಲಿಯರ್, ಹೊಡೆಯಲು ಗ್ಯಾರೇಜಿಗೆ ಕೊಡಿ ಎಂಬುದು ನನ್ನ ಸಲಹೆ. ಕಾರಣ ಕೈಚಳಕವಲ್ಲ, ಶ್ವಾಸಕೋಶ. ಅವರು ಮೇಲೆ ಹೊಡೆಯುವ ಎರಡು ಡಬ್ಬಿ ಬೆರೆಸುವ ಪಿಯು (ಪಾಲಿಯುರಿಥೇನ್) ಕ್ಲಿಯರಿನ ಹಾರ್ಡನರಿನಲ್ಲಿ ಐಸೊಸಯನೇಟ್ ಇರುತ್ತದೆ. ಅದರ ತುಂತುರು ಒಳಗೆ ಹೋಗಿ ಕೆಲವರಿಗೆ ಆಸ್ತಮಾ ಅಂಟಿಕೊಳ್ಳುತ್ತದೆ, ಒಮ್ಮೆ ಅಂಟಿದರೆ ಆಮೇಲೆ ಸ್ವಲ್ಪ ಸೋಕಿದರೂ ಉಬ್ಬಸ. ಬಟ್ಟೆಯ ಮಾಸ್ಕ್, ಎನ್95 ಅದನ್ನು ತಡೆಯುವುದಿಲ್ಲ. ಮನೆಯ ಹಜಾರದಲ್ಲಿ ಅದನ್ನು ಹೊಡೆಯುವ ಯೋಚನೆಯೇ ಬೇಡ. ಅವರಿಗೆ ಮೂರು ಮಾತು ಹೇಳಿ: ಕುತ್ತಿಗೆಯ ಗುಳಿಗೆ ಟೇಪ್ ಅಂಟಿರಲಿ, ತೆಳ್ಳಗೆ ಎರಡು ಮೂರು ಕೋಟ್ ಸಾಕು, ಕಾರಿನ ಬಾಗಿಲಿನ ಹಾಗೆ ಬಿಸಿ ಕೋಣೆಯಲ್ಲಿ ಬೇಯಿಸಬೇಡಿ, ಇದು ಮರ, ಅಂಟು ಬಿಡುತ್ತದೆ. ಕುತ್ತಿಗೆಯ ಸ್ಕ್ರೂ ತೂತುಗಳಿಗೆ ಒಂದು ಉದ್ದ ರೀಪರ್ ಪಟ್ಟಿ ಬಿಗಿದು ಕೊಟ್ಟರೆ ಅವರಿಗೆ ಹಿಡಿಯಲು, ತೂಗುಹಾಕಲು ಹಿಡಿಕೆಯಾಯಿತು.

ಇಲ್ಲ, ಸ್ಪ್ರೇಯನ್ನೂ ನಾನೇ ಮಾಡುತ್ತೇನೆ ಎಂದರೆ ಅಲುಗಿಸಿ ಹೊಡೆಯುವ ಅಕ್ರಿಲಿಕ್ ಡಬ್ಬಿಗಳು ಸಾಕು. ಒಂದು ಅಡಿಯಷ್ಟು ದೂರ. ಒಡಲಿನ ಹೊರಗೆ ಶುರುವಾಗಿ ಹೊರಗೇ ಮುಗಿಯಬೇಕು. ಮೊದಲ ಕೋಟಿನಲ್ಲಿ ತಳ ಕಂಡರೆ ಕಾಣಲಿ, ಗಾಬರಿಯಿಂದ ಮತ್ತೆ ಒತ್ತಿದಿರೋ ಸೋರಿತು. ಇದು ಪಿಯುನಷ್ಟು ಗಟ್ಟಿಯಲ್ಲ. ಮೂರು ನಾಲ್ಕು ವಾರ ತೂಗುಹಾಕಿ ಬಿಡಿ, ಮೂಗಿಗೆ ಹಿಡಿದರೆ ಥಿನ್ನರ್ ವಾಸನೆ ಬರಬಾರದು, ಅಲ್ಲಿಯವರೆಗೆ ಪಾಲಿಶ್ ಮಾತೇ ಬೇಡ. ಆಮೇಲೆ ವಾಟರ್ ಪೇಪರ್ 1000, 1500, 2000, ಕೊನೆಗೆ ರಬ್ಬಿಂಗ್ ಕಾಂಪೌಂಡ್. ಹೊಳಪು ಬರುವುದು ಕೋಟಿನ ದಪ್ಪದಿಂದಲ್ಲ, ನುಣುಪಿನಿಂದ. ಬೇಲೂರಿನ ನವರಂಗದ ಕಂಬಗಳಿಗೆ ಯಾರೂ ವಾರ್ನಿಷ್ ಹೊಡೆದಿಲ್ಲ. ನೀರು ಹಾಕಿ ಉಜ್ಜುವಾಗ ಸ್ಕ್ರೂ ತೂತುಗಳನ್ನು ಮೇಣದಿಂದ ಮುಚ್ಚಿ. ನೀರು ಒಳಹೊಕ್ಕು ಮರ ಊದಿಕೊಂಡರೆ ತೂತಿನ ಸುತ್ತ ಹೊಸ ಬಣ್ಣ ಬಿರಿಯುತ್ತದೆ. ಅಂಚುಗಳ ಮೇಲೆ ಕೈ ಹಗುರವಿರಲಿ, ಬಣ್ಣ ತೂತಾಗುವುದು ಯಾವಾಗಲೂ ಅಲ್ಲೇ.

ಮಳೆಯ ಬಗ್ಗೆ. ಮಳೆಗೆ ಮೊದಲು ಮುಗಿಸುವ ಅವಸರ ಬಿಡಿ. ಒಗೆದ ಬಟ್ಟೆ ಮೂರು ದಿನವಾದರೂ ಒಣಗದ ಊರಿನಲ್ಲಿ ಲ್ಯಾಕರ್ ಹೇಗೆ ಒಣಗೀತು? ಥಿನ್ನರ್ ಹಾರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅದರ ಮೇಲೆ ಕೂತು ಪದರದೊಳಗೆ ಸಿಕ್ಕಿಕೊಳ್ಳುತ್ತದೆ. ಅಂಗಡಿ ತೆರೆದ ಹೊಸತರಲ್ಲಿ ಗಿರಾಕಿಯೊಬ್ಬರ ಒತ್ತಾಯಕ್ಕೆ ಜುಲೈನಲ್ಲಿ ಕೆಂಪು ಗಿಟಾರಿಗೆ ಲ್ಯಾಕರ್ ಹೊಡೆದೆ. ಹತ್ತೇ ನಿಮಿಷದಲ್ಲಿ ಚಾರ್ಮಾಡಿ ಘಾಟಿಗೆ ಮಂಜು ಇಳಿದ ಹಾಗೆ ಇಡೀ ಮೈ ಬೆಳ್ಳಗಾಯಿತು. ಎರಡು ಸಲ ಮತ್ತೆ ಉಜ್ಜಿ, ಡಿಸೆಂಬರಿನಲ್ಲಿ ಮುಗಿಸಿಕೊಟ್ಟೆ. ನಿಮ್ಮಲ್ಲಿ ಪಂಚಾಂಗ ನೋಡಬೇಕಿಲ್ಲ. ಕಣದಲ್ಲಿ ಕಾಫಿ ಒಣಗುವ ದಿನಗಳೇ ಬಣ್ಣದ ದಿನಗಳು. ಬೆಳಗಿನ ಮಂಜು ಕರಗಿದ ಮೇಲೆ, ಹನ್ನೊಂದರಿಂದ ಮೂರು ಗಂಟೆಯೊಳಗೆ.

ಮಗಳ ವಿಷಯ ಕೊನೆಗೆ ಬಂದರೂ ಸಣ್ಣದಲ್ಲ. ಈಗಾಗಲೇ ಮೂರು ಸಂಜೆಯ ಧೂಳು ಮನೆಯಲ್ಲಿದೆ. ಹಳೆಯ ಬಣ್ಣಗಳಲ್ಲಿ ಸೀಸ ಇರುವ ಸಾಧ್ಯತೆ ಇದೆ. ನಿಮ್ಮದರಲ್ಲಿ ಇದೆಯೆಂದೇ ಭಾವಿಸಿ ನಡೆದುಕೊಳ್ಳಿ, ನೆಲದ ಮೇಲೆ ಆಡಿ ಕೈ ಬಾಯಿಗಿಡುವ ವಯಸ್ಸು ಅವಳದು. ಪೊರಕೆಯಿಂದ ಗುಡಿಸಬೇಡಿ, ಧೂಳು ಮತ್ತೆ ಏಳುತ್ತದೆ. ಒದ್ದೆ ಬಟ್ಟೆಯಿಂದ ನೆಲ, ಕಿಟಕಿಯ ಕಟ್ಟೆ ಒರೆಸಿ, ಆ ಬಟ್ಟೆಯನ್ನು ಎಸೆಯಿರಿ. ಇನ್ನು ಮುಂದೆ ಉಜ್ಜುವುದೆಲ್ಲ ಹೊರಗೆ, ಎನ್95 ಹಾಕಿಕೊಂಡು, ಹಳೆಯ ಅಂಗಿಯಲ್ಲಿ; ಅವಳನ್ನು ಎತ್ತಿಕೊಳ್ಳುವ ಮೊದಲು ಅಂಗಿ ಬದಲಿಸಿ.

ಈ ವಾರ ಮಾಡಬೇಕಾದ್ದು ಒಂದೇ. ಬಯಲಾದ ಆ ಅಂಗೈಯಗಲದ ಮರ ನಾಲ್ಕು ತಿಂಗಳು ಮಲೆನಾಡಿನ ತೇವ ಹೀರಬಾರದು. ನಿಮ್ಮ ಬಡಗಿಯವರಲ್ಲಿ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗಿನ ಪಾಲಿಶ್ ಇದ್ದೇ ಇರುತ್ತದೆ, ಅರ್ಧ ಲೋಟ ಕೇಳಿ. ಬಿಸಿಲು ಇಣುಕಿದ ಮಧ್ಯಾಹ್ನ ಹೇರ್ ಡ್ರೈಯರ್‌ನಿಂದ ಮರವನ್ನು ಉಗುರುಬೆಚ್ಚಗೆ ಮಾಡಿ, ಡ್ರೈಯರ್ ಆರಿಸಿ ದೂರವಿಟ್ಟು, ಬಟ್ಟೆಯ ಉಂಡೆಯಿಂದ ಎರಡು ಮೂರು ಕೈ ತೆಳ್ಳಗೆ ಸವರಿ. ಡಿಸೆಂಬರಿನಲ್ಲಿ ಸೀಲರ್ ಹಾಕುವ ಮೊದಲು 220ರಲ್ಲಿ ಅದನ್ನು ಉಜ್ಜಿ ತೆಗೆದರಾಯಿತು, ಮೇಣವಿರುವ ಅರಗಿನ ಮೇಲೆ ಪಿಯು ಸರಿಯಾಗಿ ಕಚ್ಚುವುದಿಲ್ಲ. ಈಗ ಸವರಿದ ಅರಗು ಒಣಗಿದ ಮೇಲೆ ಗಿಟಾರನ್ನು ಹಾಗೆಯೇ ಜೋಡಿಸಿ, ಹೊಸ ತಂತಿ ಹಾಕಿ, ಅಟ್ಟಕ್ಕೆ ಮಾತ್ರ ಮತ್ತೆ ಏರಿಸದೆ ಮಳೆಗಾಲವಿಡೀ ನುಡಿಸುತ್ತಿರಿ. ಯಾವ ಬಣ್ಣ ಎಂದು ಅಣ್ಣನನ್ನೂ ಒಂದು ಮಾತು ಕೇಳಿ, ಗಿಟಾರ್ ಅವರದಲ್ಲವೇ?